ಸುರಂಗ ನಿಲ್ದಾಣದ ಗೋಡೆಗೆ ಕಲೆ ಬೇಕೆ?

ಪರ: ಹೊದಿಕೆಯೇ ಚಿತ್ರವಾಗಲಿ

ಬೆಂಗಳೂರು ಮೆಟ್ರೋದಲ್ಲಿ ನಾಗವಾರದತ್ತ ಹೋಗುವ ಗುಲಾಬಿ ಮಾರ್ಗದ 12 ನಿಲ್ದಾಣಗಳು ನೆಲದಡಿಯವು. ಎತ್ತರದ ಹಳಿಯಲ್ಲಾದರೆ ಮರವೋ ಗೋಪುರವೋ ಕಂಡು ಇಳಿಯುವ ಜಾಗ ಬಂತೆಂದು ಗೊತ್ತಾಗುತ್ತದೆ. ಸುರಂಗದಲ್ಲಿ ಲಕ್ಕಸಂದ್ರ ಯಾವುದು, ಪಾಟರಿ ಟೌನ್ ಯಾವುದು? ಬೋರ್ಡು ಓದಲು ಬಾರದವರಿಗೆ ಗುರುತು ಹೇಳಬೇಕಾದದ್ದು ಗೋಡೆಯೇ.

ಸ್ಟಾಕ್‌ಹೋಮ್‌ನ ಟಿ-ಸೆಂಟ್ರಾಲೆನ್ ನಿಲ್ದಾಣದ ನೀಲಿ ಬಳ್ಳಿಗಳನ್ನು ಎಲ್ಲರೂ ಕೊಂಡಾಡುತ್ತಾರೆ. ಅಲ್ಲಿ ಬಂಡೆ ಕೊರೆದು, ಮೇಲೆ ಕಾಂಕ್ರೀಟ್ ಸಿಂಪಡಿಸಿ, 1975ರಲ್ಲಿ ನೇರ ಅದರ ಮೇಲೇ ಬಣ್ಣ ಬಳಿದರು. ನಮ್ಮವು ಬಹುಪಾಲು ಮೇಲಿಂದ ಅಗೆದು ಕಟ್ಟಿದ ಪೆಟ್ಟಿಗೆಗಳು; ಆ ಗೋಡೆಗೆ ಹೇಗೂ ಒಂದು ಹೊದಿಕೆ ಹಾಕಲೇಬೇಕು. ಆ ಹೊದಿಕೆಗೇ ಚಿತ್ರ ಬರಲಿ, ಮೇಲೆ ಇನ್ನೊಂದು ಪದರ ಅಂಟಿಸುವುದು ಬೇಡ.

ಇದಕ್ಕೆ ಎನಾಮೆಲ್ ಫಲಕ ಸರಿ: ಉಕ್ಕಿನ ತಗಡಿಗೆ ಗಾಜಿನ ಪುಡಿಯ ಲೇಪ ಕೊಟ್ಟು ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟದ್ದು. ಬೆಂಕಿ ಹಿಡಿಯುವುದಿಲ್ಲ. ಮಾರ್ಕರ್ ಗೀಚಿದರೆ ಒರೆಸಬಹುದು. ಪ್ಲೈವುಡ್, ಫೈಬರ್ ಇಂಥ ಕಡೆ ಬರಲೇಬಾರದು. ಎಚ್ಚರ ಬೇಕಾದ್ದು ತೂತಿನ ವಿಷಯದಲ್ಲಿ. ಸುಡುವ ಮೊದಲೇ ಕೊರೆದಿರಬೇಕು. ಆಮೇಲೆ ಡ್ರಿಲ್ ಇಟ್ಟರೆ ಗಾಜು ಚಕ್ಕೆ ಎದ್ದು, ಅಲ್ಲಿಂದಲೇ ತುಕ್ಕು ಶುರು. ಆದ್ದರಿಂದ ಅಗ್ನಿಶಾಮಕ ಪೆಟ್ಟಿಗೆ, ಕೇಬಲ್ ಬಾಗಿಲು, ನಿರ್ಗಮನ ಫಲಕ ಎಲ್ಲೆಲ್ಲಿ ಬರುತ್ತವೆಂಬ ಕೊನೆಯ ನಕ್ಷೆ ಕಲಾವಿದರ ಕೈಗೆ ಮೊದಲೇ ಸಿಗಬೇಕು. ಫಲಕಗಳನ್ನು ಕೊಕ್ಕೆಗೆ ನೇತುಹಾಕಿದರೆ ಒಂದೊಂದಾಗಿ ತೆಗೆಯಲೂ ಬರುತ್ತದೆ.

ನಿರ್ವಹಣೆ ಕಷ್ಟವೆಂದು ರಾಗ ಎಳೆಯುವವರು ಅದೇ ಗೋಡೆಗೆ ವೈರು ಎಳೆದು ಜಾಹೀರಾತಿನ ದೀಪದ ಪೆಟ್ಟಿಗೆ ಕೂರಿಸುವಾಗ ಎಲ್ಲಿರುತ್ತಾರೋ!

ವಿರೋಧ: ಮೊದಲು ಸೋರಿಕೆ ನಿಲ್ಲಲಿ

ಚಿತ್ರವೇ ಬೇಡವೆಂದು ವಾದಿಸುವುದು ಸುಲಭದ ಕೆಲಸವಲ್ಲ. ಆದರೂ ಈ ಬದಿಗೂ ಮಾತಿದೆ.

ಅಂತರ್ಜಲದೊಳಗೆ ಕೂತ ಕಾಂಕ್ರೀಟ್ ಪೆಟ್ಟಿಗೆ ಜೋಡಣೆಯ ಗೆರೆಗಳಲ್ಲಿ ಒಸರುತ್ತದೆ. ಬಿಳಿ ಉಪ್ಪಿನ ಗೆರೆ ಕಂಡಲ್ಲಿ ಓರೆಯಾಗಿ ಕೊರೆದು, ನಳಿಕೆ ಸಿಕ್ಕಿಸಿ, ಒತ್ತಡದಲ್ಲಿ ಗ್ರೌಟ್ (ಬಿರುಕು ಮುಚ್ಚಿ ಗಟ್ಟಿಯಾಗುವ ದ್ರವ) ತುಂಬಬೇಕು. ಗೋಡೆ ಬರಿದಾಗಿದ್ದರೆ ಗೆರೆ ಅಂದೇ ಕಾಣುತ್ತದೆ. ಚಿತ್ರವಿದ್ದರೆ ಹಿಂದೆ ತಿಂಗಳುಗಟ್ಟಲೆ ನೀರು ಇಳಿದ ಮೇಲಷ್ಟೇ ಸುಳಿವು ಸಿಗುತ್ತದೆ. ಕೆಲಸಕ್ಕೆ ರಾತ್ರಿ ಮಾತ್ರ ಸಮಯ. ಹಳಿಯ ಪಕ್ಕವಾದರೆ ರೈಲಿಗೆ ವಿದ್ಯುತ್ ಕೊಡುವ 750 ವೋಲ್ಟ್‌ನ ಮೂರನೇ ಹಳಿಯ ಸಂಪರ್ಕ ಕಡಿದು, ಅರ್ತಿಂಗ್ ಕೊಟ್ಟು, ಬೆಳಗಿನ ಮೊದಲ ರೈಲಿಗೆ ಮುನ್ನ ಸಲಕರಣೆ ಎಣಿಸಿಕೊಂಡು ಹೊರಬರಬೇಕು.

ಮೊಸಾಯಿಕ್ ಒಡೆದರಂತೂ ಅದೇ ಬಣ್ಣದ ಗಾಜಿನ ಚೂರು ಮತ್ತೆ ಸಿಗುವುದು ದುಸ್ತರ. ಲಂಡನ್ನಿನ ಟಾಟೆನ್‌ಹ್ಯಾಮ್ ಕೋರ್ಟ್ ರೋಡ್ ನಿಲ್ದಾಣ ಹಿಗ್ಗಿಸಲು ಕಲಾವಿದ ಎಡ್ವಾರ್ಡೊ ಪಾವ್ಲೋಜಿ 1980ರ ದಶಕದಲ್ಲಿ ಮಾಡಿದ ಮೊಸಾಯಿಕ್‌ನ ಕಮಾನುಗಳನ್ನು 2015ರಲ್ಲಿ ಇಳಿಸಬೇಕಾಯಿತು. ಚೂರುಗಳು ಎಡಿನ್‌ಬರಾ ವಿಶ್ವವಿದ್ಯಾಲಯ ಸೇರಿದವು.

ಜಾಹೀರಾತಿನ ಮಾತೇ ಬೇರೆ, ಅದು ದುಡ್ಡು ತರುತ್ತದೆ.

ಬೇಕೇ ಬೇಕೆಂದರೆ ಟಿಕೆಟ್ ಮಹಡಿಯ ಒಳಗೋಡೆ ಒಂದನ್ನು ಬಿಟ್ಟುಕೊಡಿ. ಮಣ್ಣಿಗೆ ತಾಗಿದ ಗೋಡೆಗಳು ಎರಡು ಮಳೆಗಾಲ ಒಣಗಿಯೇ ಉಳಿದರೆ ಆಮೇಲೆ ಅಳತೆ ಪಟ್ಟಿ ತನ್ನಿ.