ಕಾಗೆ ಕೂತಿತು, ಕೊಂಬೆ ಮುರಿಯಿತು

ಪ್ರಶ್ನೆ: ಇಬ್ಬರು ಬರೆದ ಫ್ಯಾನ್ ಫಿಕ್ಷನ್ (ಧಾರಾವಾಹಿ, ಸಿನಿಮಾಗಳ ಪಾತ್ರಗಳನ್ನಿಟ್ಟುಕೊಂಡು ಅಭಿಮಾನಿಗಳು ಬರೆಯುವ ಕತೆ) ಒಂದನ್ನೊಂದು ಹೋಲಿದಾಗ ‘ಕಾಕತಾಳೀಯ’ ಎಂಬ ಮಾತನ್ನು ನಂಬಬೇಕೆ?

ಪರ: ನಂಬಬೇಕು

ಜೋರು ಮಳೆ. ಕರೆಂಟಿಲ್ಲ. ಕೊನೇ ಬಸ್ಸೂ ತಪ್ಪಿದೆ. ಲಾಡ್ಜಿನವನು ‘ಇರೋದು ಒಂದೇ ರೂಮು’ ಅನ್ನುತ್ತಾನೆ. ಬಾಗಿಲು ತೆಗೆದು ನೋಡಿದರೆ ಮಂಚವೂ ಒಂದೇ. ಬೆಳಗಿನಿಂದ ಕಿತ್ತಾಡುತ್ತಿದ್ದ ನಾಯಕ ನಾಯಕಿ ನಡುವೆ ದಿಂಬು ಇಟ್ಟುಕೊಂಡು ಮಲಗುತ್ತಾರೆ. ನಡುರಾತ್ರಿ ಅವನಿಗೆ ಜ್ವರ, ಅವಳು ಹಣೆಗೆ ಒದ್ದೆ ಬಟ್ಟೆ ಹಾಕುತ್ತಾಳೆ. ಈ ಅಧ್ಯಾಯ ಬರೆದವರು ಯಾರು? ಧಾರಾವಾಹಿ ಜೋಡಿಗಳ ಮೇಲೆ ಕತೆ ಬರೆಯುವ ಎಲ್ಲರೂ. ನಾನೂ ಬರೆದಿದ್ದೇನೆ, ಎರಡು ಸಲ.

ಫ್ಯಾನ್ ಫಿಕ್ಷನ್ ಬರೆಯುವವರೆಲ್ಲ ಸೇದುವುದು ಒಂದೇ ಬಾವಿಯ ನೀರು. ಪಾತ್ರಗಳು ಅವೇ, ಅವುಗಳ ಸ್ವಭಾವ ಅದೇ, ಮೂಲ ಕತೆಗಾರ ತುಂಬದೆ ಬಿಟ್ಟ ಸಂದುಗಳೂ ಅವೇ. ನಾಯಕ ಎರಡು ಸಂಚಿಕೆಗಳ ನಡುವೆ ಆರು ತಿಂಗಳು ಕಾಣೆಯಾಗಿದ್ದ ಅಂದರೆ, ಅವನು ಎಲ್ಲಿದ್ದ ಅಂತ ಹೇಳಲು ನೂರು ಜನ ಕೂರುತ್ತಾರೆ. ಅವರಲ್ಲಿ ಹತ್ತು ಜನರಾದರೂ ಅವನನ್ನು ಆಸ್ಪತ್ರೆಯಲ್ಲಿ ಮಲಗಿಸುತ್ತಾರೆ. ಒಬ್ಬರಿನ್ನೊಬ್ಬರ ಮನೆಗೆ ಕನ್ನ ಹಾಕಿದರು ಅಂತ ಅರ್ಥವಲ್ಲ. 2009ರಲ್ಲಿ ತೆರೆದ ‘ಆರ್ಕೈವ್ ಆಫ್ ಅವರ್ ಓನ್’ ಎಂಬ ಫ್ಯಾನ್ ಫಿಕ್ಷನ್ ತಾಣದಲ್ಲಂತೂ ಆ ಒಂದೇ ಮಂಚಕ್ಕೆ ಟ್ಯಾಗೇ ಇದೆ. ಓದುಗರು ಅದನ್ನೇ ಹುಡುಕಿಕೊಂಡು ಬರುತ್ತಾರೆ. ಮಸಾಲೆ ದೋಸೆ ತಿಂದವರು ‘ಪಕ್ಕದ ಹೋಟೆಲಿನಲ್ಲೂ ಇದೇ ಸಿಗುತ್ತೆ’ ಅಂತ ತಕರಾರು ತೆಗೆಯುವುದುಂಟೆ?

ತೆಗೆದವರ ಕತೆಯನ್ನೂ ಕೇಳಿ. 2010ರ ಆಸುಪಾಸಿನಲ್ಲಿ ಅಮೆರಿಕದ ‘ಸೂಪರ್‌ನ್ಯಾಚುರಲ್’ ಧಾರಾವಾಹಿಯ ಅಭಿಮಾನಿಗಳು, ಮನುಷ್ಯರು ತೋಳದ ಹಿಂಡಿನಂತೆ ಆಲ್ಫಾ, ಬೀಟಾ, ಒಮೆಗಾ ಎಂದು ಬದುಕುವ ಲೋಕವೊಂದನ್ನು ಕಟ್ಟಿಕೊಂಡರು. ಅದರ ಹೆಸರು ಒಮೆಗಾವರ್ಸ್. ಯಾರಪ್ಪನ ಆಸ್ತಿಯೂ ಅಲ್ಲ. ಮುಂದೆ ಆಡಿಸನ್ ಕೇನ್ ಎಂಬ ಲೇಖಕಿ ಅದೇ ಲೋಕದಲ್ಲಿ ಕಾದಂಬರಿ ಬರೆದು ಮಾರಿದರು. ಜೋಯಿ ಎಲ್ಲಿಸ್ ಎಂಬ ಇನ್ನೊಬ್ಬರೂ ಬರೆದರು. 2018ರಲ್ಲಿ ಕೇನ್ ಅವರ ಪ್ರಕಾಶಕರು ‘ಇದು ನಕಲು’ ಎಂದು ಆನ್‌ಲೈನ್ ಅಂಗಡಿಗಳಿಗೆ ನೋಟಿಸು ಕಳಿಸಿ ಎಲ್ಲಿಸ್ ಪುಸ್ತಕವನ್ನು ಮಾರಾಟದಿಂದ ಇಳಿಸಿದರು. ವಿಷಯ ಕೋರ್ಟಿಗೆ ಹೋಯಿತು. ಕೊನೆಗೆ ಅದೇ ಪ್ರಕಾಶಕರು ಕೃತಿಚೌರ್ಯ ನಡೆದಿಲ್ಲ ಎಂದು ಒಪ್ಪಿಕೊಂಡು ರಾಜಿಯಾದರು.

ನಮ್ಮ ಸುಪ್ರೀಂ ಕೋರ್ಟೂ 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಇದನ್ನೇ ಹೇಳಿತು. ಪಂಜಾಬಿ ಮನೆ, ಮದ್ರಾಸಿ ಮನೆ, ನಡುವೆ ಒಂದು ಪ್ರೇಮ. ನಾಟಕದಲ್ಲೂ ಅದೇ, ‘ನ್ಯೂ ಡೆಲ್ಲಿ’ ಸಿನಿಮಾದಲ್ಲೂ ಅದೇ. ಆದರೂ ಕಥಾವಸ್ತುವಿಗೆ ಕಾಪಿರೈಟ್ ಇಲ್ಲ ಎಂದು ನಾಟಕಕಾರರ ದಾವೆ ಬಿದ್ದುಹೋಯಿತು. ಇನ್ನೂ ಹಿಂದಕ್ಕೆ ಹೋದರೆ, ಒಂಬತ್ತನೇ ಶತಮಾನದಲ್ಲೇ ಕಾವ್ಯಮೀಮಾಂಸಕ ಆನಂದವರ್ಧನ ಧ್ವನ್ಯಾಲೋಕದಲ್ಲಿ ಬರೆದಿಟ್ಟಿದ್ದಾನೆ: ‘ಸಂವಾದಾಸ್ತು ಭವಂತ್ಯೇವ ಬಾಹುಲ್ಯೇನ ಸುಮೇಧಸಾಮ್’. ಬಲ್ಲವರ ಮಾತು ಒಂದಕ್ಕೊಂದು ತಾಳೆಯಾಗುವುದು ಬೇಕಾದಷ್ಟು.

ವಿರೋಧ: ಪೂರ್ತಿ ಓದಿ, ಆಮೇಲೆ ನಂಬಿ

ಅರ್ಧ ಶ್ಲೋಕ ಹೇಳಿ ಜಾರಿಕೊಂಡರು! ಉಳಿದರ್ಧ ಇದು: ‘ನೈಕರೂಪತಯಾ ಸರ್ವೇ ತೇ ಮಂತವ್ಯಾ ವಿಪಶ್ಚಿತಾ’. ಆ ಹೋಲಿಕೆಗಳೆಲ್ಲ ಒಂದೇ ಜಾತಿಯವು ಅಂತ ತಿಳಿದವನು ಭಾವಿಸಬಾರದು. ಮುಂದಿನ ಶ್ಲೋಕದಲ್ಲೇ ಆನಂದವರ್ಧನ ಮೂರು ಬಗೆ ಹೇಳುತ್ತಾನೆ: ಕನ್ನಡಿಯ ಬಿಂಬದಂತೆ, ಬರೆದ ಚಿತ್ರದಂತೆ, ಒಬ್ಬರನ್ನೊಬ್ಬರು ಹೋಲುವ ಇಬ್ಬರು ಮನುಷ್ಯರಂತೆ. ಮೂರನೆಯದು ಸರಿ. ಮೊದಲೆರಡನ್ನು ಬಿಡು ಅನ್ನುತ್ತಾನೆ. ಒಂದೇ ಮಂಚದ ಕತೆಗಳೆಲ್ಲ ಮೂರನೇ ಬಗೆಯವು, ಅದರ ಬಗ್ಗೆ ಯಾರಿಗೂ ಜಗಳವಿಲ್ಲ. ನನ್ನ ಜಗಳ ಕನ್ನಡಿಯ ಜೊತೆ.

ಗೆಳತಿಯೊಬ್ಬಳು 23 ಅಧ್ಯಾಯಗಳ ಕತೆ ಬರೆದಿದ್ದಳು. ನಾಯಕ ವಿಕ್ರಮ್. ವರ್ಷದ ಮೇಲೆ ಬೇರೊಂದು ಧಾರಾವಾಹಿಯ ಹೆಸರಿನಲ್ಲಿ ಅದೇ ಕತೆ ಕಾಣಿಸಿತು. ನಾಯಕನ ಹೆಸರು ಆದಿತ್ಯ. ಎರಡನ್ನೂ ಅಕ್ಕಪಕ್ಕ ತೆರೆದು ಓದುತ್ತ ಕೂತೆವು. ಒಂಬತ್ತನೇ ಅಧ್ಯಾಯದಲ್ಲಿ ಇದ್ದಕ್ಕಿದ್ದಂತೆ ‘ವಿಕ್ರಮನಿಗೆ ಕಾಫಿ ಕೊಟ್ಟಳು’. ಯಾರೀ ವಿಕ್ರಮ, ಆದಿತ್ಯನ ಮನೆಯಲ್ಲಿ? ಕಂಪ್ಯೂಟರಿಗೆ ‘ವಿಕ್ರಮ್’ ಇದ್ದಲ್ಲೆಲ್ಲ ‘ಆದಿತ್ಯ’ ಹಾಕು ಅಂದಿದ್ದಾರೆ. ಅದಕ್ಕೆ ಕನ್ನಡದ ವಿಭಕ್ತಿ ಗೊತ್ತಿಲ್ಲ. ಅರ್ಧ ಮಕಾರ ಹುಡುಕಿತು, ‘ವಿಕ್ರಮನಿಗೆ’ಯಲ್ಲಿ ಪೂರ್ತಿ ಮಕಾರ ಇತ್ತು, ದಾಟಿಕೊಂಡು ಹೋಯಿತು. ಹಳಗನ್ನಡಕ್ಕೆ ವ್ಯಾಕರಣ ಬರೆದ ಕೇಶಿರಾಜನನ್ನು ಅವತ್ತು ಮನಸಾರೆ ನೆನೆದೆ.

ಇನ್ನೊಂದಿದೆ. ಗೆಳತಿ ಲೆಕ್ಕ ತಪ್ಪಿ ಒಂದೇ ವಾರದಲ್ಲಿ ಎರಡು ಹುಣ್ಣಿಮೆ ಬರಿಸಿದ್ದಳು. ಅಲ್ಲೂ ಎರಡು ಹುಣ್ಣಿಮೆ. ಇಬ್ಬರಿಗೆ ಒಂದೇ ಕಲ್ಪನೆ ಹೊಳೆಯಬಹುದು. ಒಂದೇ ತಪ್ಪು ಒಂದೇ ಜಾಗದಲ್ಲಿ ಹೊಳೆಯುವುದಿಲ್ಲ. ಕಾಗೆ ಕೂತಾಗ ಕೊಂಬೆಯೊಂದು ಮುರಿದರೆ ಕಾಕತಾಳೀಯ ಸರಿ. ಕೂತ ಕೂತ ಕೊಂಬೆಯೆಲ್ಲ ಮುರಿದರೆ ಕಾಗೆಯ ಕೈಯಲ್ಲಿ ಗರಗಸ ಇದೆಯಾ ಅಂತ ನೋಡಬೇಡವೆ?

ಓದಿದ್ದು ಮರೆತು ತನ್ನದೇ ಅಂತ ಬರೆದಿರಬಹುದು ಅನ್ನುತ್ತಾರೆ. ಇರಬಹುದು. ಬೀಟಲ್ಸ್ ಖ್ಯಾತಿಯ ಗಾಯಕ ಜಾರ್ಜ್ ಹ್ಯಾರಿಸನ್‌ರ ‘ಮೈ ಸ್ವೀಟ್ ಲಾರ್ಡ್’ ಹಾಡು ಹಳೆಯ ಹಾಡೊಂದರ ನಕಲು ಎಂಬ ದಾವೆಯಲ್ಲಿ 1976ರಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶರು, ಬೇಕೆಂದು ಕದ್ದದ್ದಲ್ಲ, ಒಳಮನಸ್ಸಿನಿಂದ ಬಂದದ್ದು ಎಂದರು. ಹಾಗೆಂದು ಕಾಪಿರೈಟ್ ಉಲ್ಲಂಘನೆಯ ಹೊಣೆ ತಪ್ಪಲಿಲ್ಲ. ಮರೆವಿನಿಂದ ಪಕ್ಕದವರ ಕೊಡೆ ತಂದರೂ ವಾಪಸು ಕೊಡಬೇಕಲ್ಲ.

‘ನೀವೇ ಬೇರೆಯವರ ಪಾತ್ರ ಎತ್ತಿಕೊಂಡವರು, ನಿಮ್ಮದೇನು ದೂರು’ ಎಂಬ ಕುಹಕ ಬೇರೆ. ಎತ್ತಿಕೊಂಡದ್ದು ನಿಜ, ಆದರೆ ಮೊದಲ ಸಾಲಿನಲ್ಲೇ ಇಂಥದರಿಂದ ಅಂತ ಹೇಳಿ ಎತ್ತಿಕೊಂಡದ್ದು. ಗದುಗಿನ ನಾರಣಪ್ಪ ಮಹಾಭಾರತ ಬರೆಯುವಾಗ ಹೆಸರನ್ನೇ ಕುಮಾರವ್ಯಾಸ ಅಂತ ಇಟ್ಟುಕೊಂಡ. ಸಾಲವನ್ನು ಹಣೆಯ ಮೇಲೇ ಬರೆದುಕೊಂಡ. ‘ವೀರನಾರಾಯಣನೆ ಕವಿ, ಲಿಪಿಕಾರ ಕುವರವ್ಯಾಸ’ ಅಂದ. ಫ್ಯಾನ್ ಫಿಕ್ಷನ್ ಬರೆಯುವ ಬಹುತೇಕರಿಗೆ ಕಾಸು ಸಿಗುವುದಿಲ್ಲ. ಕೋರ್ಟು ಕಚೇರಿ ದೂರದ ಮಾತು. ಇಂಥವರು ಬರೆದರು ಎಂಬ ಹೆಸರೇ ಸಂಬಳ, ಕಳ್ಳ ಕೈ ಹಾಕುವುದು ಅದಕ್ಕೇ.

ಗೆಳತಿ ಆ ಬರಹಗಾರ್ತಿಗೆ ಸೌಜನ್ಯದಿಂದಲೇ ಪತ್ರ ಬರೆದಳು, ಕಾಫಿಯ ಸಾಲನ್ನೂ ತೋರಿಸಿದಳು. ಉತ್ತರ ಬಂತು: ‘ಕಾಕತಾಳೀಯ ಅಕ್ಕಾ, ನಿಮ್ಮ ಕತೆ ನಾನು ಓದೇ ಇಲ್ಲ.’ ಸಂಜೆ ಹೋಗಿ ನೋಡಿದೆವು. ಒಂಬತ್ತನೇ ಅಧ್ಯಾಯದಲ್ಲಿ ಕಾಫಿ ಆದಿತ್ಯನ ಕೈಗೆ ಬಂದಿತ್ತು. ಹುಣ್ಣಿಮೆ ಮಾತ್ರ ಎರಡೂ ಹಾಗೇ ಇದ್ದವು.