ಇಂಗ್ಲಿಷ್‌ನಲ್ಲಿ ಕೇಳು ಚಿಕ್ಕಮ್ಮ

ಬೆಳಗ್ಗೆಯಿಂದ ತಲೆ ಕೆಟ್ಟು ಕೂತಿದ್ದೇನೆ. ಇದನ್ನು ಬರೆದು ಮುಗಿಸಿದರೆ ಊಟ ಸೇರಬಹುದು.

ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಕಪ್ಪು ಡಬ್ಬ ಗುಂಯ್ ಅನ್ನುತ್ತಾ ಕೂತಿರುವುದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ನೆಟ್ಟಿನ ಹಂಗಿಲ್ಲದೆ ಅಂಗಡಿಯಲ್ಲೇ ಎಐ ಓಡಿಸುವ ಕಂಪ್ಯೂಟರ್ ಅದು, ಕಾಗದ ಕೊಟ್ಟು ಪ್ರಶ್ನೆ ಕೇಳಿದರೆ ಓದಿ ಉತ್ತರ ಬರೆಯುತ್ತದೆ. "ಚಾಮರಾಜಪೇಟೆ ಡಿಟಿಪಿ ಅಂಗಡಿಗೆ ಸರ್ವರ್ ಯಾಕ್ರೀ ಮೇಡಂ" ಅಂತ ನಕ್ಕವರೂ ಇಲ್ಲೇ ಇದ್ದೀರಿ. ನಗಿ, ಪರವಾಗಿಲ್ಲ. ಇವತ್ತು ಆ ಡಬ್ಬದ ಮುಂದೆ ನಿಂತು ಅಕ್ಕನ ಮಗ ಒಂದು ಮಾತು ಹೇಳಿದ. ಅದಕ್ಕೇ ಈ ಪುರಾಣ.

ನಡೆದದ್ದು ಇಷ್ಟು. ಒಂದು ವಿಭಾಗ ಪತ್ರ, ಆರು ಪುಟ. ಕನ್ನಡದ್ದು ನಾನೇ ಟೈಪ್ ಮಾಡಿದ್ದು. ಆ ಮನೆಯ ಒಬ್ಬ ಮಗ ಅಮೆರಿಕದಲ್ಲಿದ್ದಾನೆ, ಹಾಗಾಗಿ ಅದರ ಇಂಗ್ಲಿಷ್ ಅನುವಾದವೂ ಇತ್ತು. ಎರಡನ್ನೂ ಡಬ್ಬಕ್ಕೆ ಕೊಟ್ಟೆ. ಯಾರಿಗೆ ಏನು ಪಾಲು ಬಂದಿದೆ, ಒಂದು ಪಟ್ಟಿ ಮಾಡು ಅಂದೆ. ಇಂಗ್ಲಿಷಿನದು ಕಾಫಿ ಲೋಟ ಖಾಲಿಯಾಗುವಷ್ಟರಲ್ಲಿ ಬಂತು. ನಾಲ್ಕು ಜನ, ನಾಲ್ಕು ಪಾಲು, ಚೆಕ್ಕುಬಂದಿ ಸಮೇತ. ಕನ್ನಡದ್ದು ತೆವಳಿತು. ಲೋಟ ತೊಳೆದಿಟ್ಟು ಬಂದೆ, ಇನ್ನೂ ತೆವಳುತ್ತಿತ್ತು. ಕೊನೆಗೆ ಮೂರು ಜನರ ಪಟ್ಟಿ ಕೊಟ್ಟಿತು. ಮೂವರೂ ಗಂಡುಮಕ್ಕಳು. ಹಿರಿಯ ಮಗಳು ನಾಪತ್ತೆ!

ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಕೊಡುವ ತಿದ್ದುಪಡಿ 1994ರಲ್ಲೇ ಬಂತು. ಇಡೀ ದೇಶಕ್ಕೆ 2005ರಲ್ಲಿ. ನನ್ನ ಡಬ್ಬ ಎರಡನ್ನೂ ಒಂದೇ ಬೆಳಗ್ಗೆ ರದ್ದು ಮಾಡಿತು.

ಅಕ್ಕನ ಮಗನಿಗೆ ತೋರಿಸಿದೆ. ಪರದೆ ನೋಡಿದ, ನನ್ನ ಮುಖ ನೋಡಿದ. "ಇಂಗ್ಲಿಷ್‌ನಲ್ಲಿ ಕೇಳು ಚಿಕ್ಕಮ್ಮ, ಸರಿಯಾಗಿ ಹೇಳತ್ತಲ್ಲ" ಅಂದ.

ಈ ಮಾತನ್ನು ಬ್ಯಾಂಕಿನ ಕೌಂಟರಿನಲ್ಲಿ ಕೇಳಿದ್ದೇನೆ. ಫೋನಿನ ಕಸ್ಟಮರ್ ಕೇರ್‌ನವರಿಂದ ಕೇಳಿದ್ದೇನೆ. ಅದೆಲ್ಲ ಬೇರೆಯವರ ಜಾಗ, ನುಂಗಿಕೊಂಡೆ. ಇದು ನನ್ನ ಅಂಗಡಿ, ನನ್ನ ದುಡ್ಡಿನ ಡಬ್ಬ, ಕರೆಂಟ್ ಬಿಲ್ ಕಟ್ಟುವವಳೂ ನಾನೇ. ಇಲ್ಲೂ ಇಂಗ್ಲಿಷ್‌ನಲ್ಲೇ ಕೇಳಬೇಕಾ?

ಡಬ್ಬ ಯಾಕೆ ತಂದೆ ಅನ್ನುವುದನ್ನು ಇವತ್ತು ಹೇಳಿಬಿಡುತ್ತೇನೆ. ಇಷ್ಟು ದಿನ "ಸುಮ್ನೆ, ಕಲಿಯೋಣ ಅಂತ" ಎಂದು ಜಾರಿಕೊಳ್ಳುತ್ತಿದ್ದೆ. ಎರಡು ವರ್ಷದ ಹಿಂದೆ ಒಬ್ಬ ಹಿರಿಯರು ಉಯಿಲು ಬರೆಸಲು ಬಂದಿದ್ದರು. ಕೈಬರಹದ ಮೂರು ಹಾಳೆ. ಯಾವ ಮಗನಿಗೆ ಯಾಕೆ ಕೊಡುವುದಿಲ್ಲ ಅನ್ನುವುದನ್ನು ಹೊಟ್ಟೆಯಲ್ಲಿದ್ದ ಸಂಕಟವೆಲ್ಲ ಸೇರಿಸಿ ಬರೆದಿದ್ದರು. ನಾನು ಜಾಣತನ ಮಾಡಿ, ಭಾಷೆ ತಿದ್ದಿಕೊಡಲಿ ಅಂತ ಅದನ್ನು ಪೂರ್ತಿ ನೆಟ್ಟಿನ ಒಂದು ಫ್ರೀ ಎಐ ಆಪ್‌ಗೆ ಹಾಕಿದೆ. ಹೆಸರು, ಸರ್ವೆ ನಂಬರ್, ಸಂಕಟ, ಎಲ್ಲ. ಚೆನ್ನಾಗಿಯೇ ತಿದ್ದಿಕೊಟ್ಟಿತು. ರಾತ್ರಿ ನಿದ್ದೆ ಬರಲಿಲ್ಲ. ಅವರು ನನ್ನನ್ನು ನಂಬಿ ಕೊಟ್ಟ ಹಾಳೆ ಈಗ ಯಾವ ದೇಶದ ಯಾವ ಕಂಪ್ಯೂಟರಿನಲ್ಲಿ ಕೂತಿದೆಯೋ. ಅವರಿಗೆ ಹೇಳಲಿಲ್ಲ. ಇವತ್ತಿನವರೆಗೂ ಹೇಳಿಲ್ಲ.

ಅಲ್ಲಿಂದ ಶುರುವಾಯಿತು ಈ ಹುಚ್ಚು. ಕಾಗದ ಅಂಗಡಿಯ ಹೊಸಿಲು ದಾಟಬಾರದು, ಅಷ್ಟೇ ನನ್ನ ಆಸೆ.

ಹೊಂದಿಸಿಕೊಂಡದ್ದು ದೊಡ್ಡ ವಿಷಯವೇನೂ ಅಲ್ಲ. ಕಂಪ್ಯೂಟರ್ ಸಾಮಾನು ಸಿಗುವ ಎಸ್.ಪಿ. ರೋಡಿನಲ್ಲಿ ಎರಡು ಶನಿವಾರ ಅಲೆದು ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ತಂದೆ. ಆರ್‌ಟಿಎಕ್ಸ್ 3060, 12 ಜಿಬಿ ಮೆಮೊರಿಯದು. 12 ಅನ್ನುವುದೇ ಮುಖ್ಯ, ವೇಗ ಆಮೇಲಿನ ಮಾತು. ಮಾಡೆಲ್, ಅಂದರೆ ಉತ್ತರ ಕೊಡುವ ಎಐನ ಮಿದುಳು, ಪೂರ್ತಿ ಕಾರ್ಡಿನ ಹೊಟ್ಟೆಯೊಳಗೆ ಕೂರಬೇಕು. ನನ್ನದು 1200 ಕೋಟಿ ಪ್ಯಾರಾಮೀಟರ್‌ನ ಮಾಡೆಲ್. ಪ್ಯಾರಾಮೀಟರ್ ಅಂದರೆ ಅದು ಕಲಿತದ್ದನ್ನೆಲ್ಲ ಹಿಡಿದಿಟ್ಟ ಅಂಕಿಗಳು. ಇದ್ದ ಹಾಗೇ ಇಟ್ಟರೆ ಒಂದೊಂದಕ್ಕೆ 16 ಬಿಟ್, ಒಟ್ಟು 24 ಜಿಬಿ ಬೇಕು. 4 ಬಿಟ್‌ಗೆ ಹಿಂಡಿದರೆ ಸುಮಾರು 8 ಜಿಬಿಗೆ ಇಳಿಯುತ್ತದೆ. ಹುಣಸೆಹಣ್ಣು ಕಿವುಚಿದ ಹಾಗೆ, ರಸ ಬಹುಪಾಲು ಉಳಿಯುತ್ತದೆ. ಇಂಥ ಹಿಂಡಿದ ಮಾಡೆಲ್‌ಗಳನ್ನು ಮನೆಯ ಕಂಪ್ಯೂಟರಿನಲ್ಲಿ ಓಡಿಸುವ ದಾರಿ ತೋರಿಸಿದ್ದು ಜಾರ್ಜಿ ಗೆರ್ಗಾನೊವ್ ಅನ್ನುವ ಬಲ್ಗೇರಿಯಾದವರು. 2023ರ ಮಾರ್ಚ್‌ನಲ್ಲಿ ಲಾಮಾ ಸಿಪಿಪಿ ಅಂತ ಒಂದು ತಂತ್ರಾಂಶ ಬರೆದು ಎಲ್ಲರಿಗೂ ಬಿಟ್ಟಿ ಕೊಟ್ಟರು. ಪುಣ್ಯಾತ್ಮ.

ಎದುರಿನ ಟೇಬಲ್ಲಿನ ಕಂಪ್ಯೂಟರಿಗೆ ಡಬ್ಬ ಕಾಣಿಸದೆ ಒಂದು ದಿನ ಹಾಳಾಯಿತು. ಸರ್ವರ್ 127.0.0.1 ಅನ್ನುವ ವಿಳಾಸದಲ್ಲಿ ಕೂತರೆ ಅದು ತನ್ನ ಜೊತೆ ತಾನೇ ಮಾತಾಡಿಕೊಳ್ಳುತ್ತದೆ. 0.0.0.0 ಮಾಡಿದ ಮೇಲೆ ಬಾಗಿಲು ತೆರೆಯಿತು. ಹಾಗೆ ತೆರೆದ ಬಾಗಿಲನ್ನು ರೂಟರಿನಿಂದ ಬೀದಿಗೂ ತೆರೆದಿಡಬೇಡಿ. ಆಮೇಲೆ ಉಯಿಲನ್ನು ಮನೆಯಲ್ಲಿ ಇಟ್ಟುಕೊಂಡು ಏನು ಪ್ರಯೋಜನ? ಕಾರ್ಡು 170 ವ್ಯಾಟ್‌ವರೆಗೆ ಎಳೆಯುತ್ತದೆ. ಕೋಣೆ ಬಿಸಿ. ಬೆಂಗಳೂರಿಗೆ ಫ್ಯಾನೇ ಬೇಡ ಅನ್ನುತ್ತಿದ್ದ ನಮ್ಮಪ್ಪ ಈ ಏಪ್ರಿಲ್‌ನಲ್ಲಿ ಆ ಕೋಣೆಗೆ ಬರಬೇಕಿತ್ತು.

ಸರಿ, ಹಿರಿಯ ಮಗಳು ಎಲ್ಲಿ ಹೋದಳು?

ಈ ಮಾಡೆಲ್‌ಗಳು ಅಕ್ಷರ ಓದುವುದಿಲ್ಲ, ಟೋಕನ್ ಓದುತ್ತವೆ. ನಾವು ಕೊಟ್ಟ ಬರಹವನ್ನು ಚೂರು ಮಾಡಿಕೊಂಡು ನುಂಗುತ್ತವೆ. ನಮ್ಮ ದರ್ಶಿನಿ ಹೋಟೆಲಿನ ಟೋಕನ್ನೇ ಅಂದುಕೊಳ್ಳಿ. ಇಂಗ್ಲಿಷ್‌ನವನು ಒಂದು ಟೋಕನ್ ಕೊಟ್ಟು ಒಂದು ಇಡ್ಲಿ ತಗೊಂಡು ಹೋಗುತ್ತಾನೆ. ನಾನು ಅದೇ ಇಡ್ಲಿಗೆ ಮೂರು, ನಾಲ್ಕು, ಕೆಲವು ಕಡೆ ಇನ್ನೂ ಜಾಸ್ತಿ ಕೊಡಬೇಕು. ಇಡ್ಲಿ ಅದೇ, ಚಟ್ನಿ ಅದೇ.

ಬುಡದಲ್ಲೇ ಈ ವ್ಯತ್ಯಾಸ ಇದೆ. ಇಂಗ್ಲಿಷ್ ಲಿಪಿಯಲ್ಲಿ ನಮ್ಮೂರು ಬೆಂಗಳೂರಿನ ಹೆಸರು ಬರೆದರೆ 9 ಅಕ್ಷರ, 9 ಬೈಟ್. ಕನ್ನಡದಲ್ಲಿ ಬರೆಯಿರಿ: ಬ, ಎತ್ವ, ಸೊನ್ನೆ, ಗ, ಳ, ಕೊಂಬಿನ ದೀರ್ಘ, ರ, ಕೊಂಬು. 8 ಚಿಹ್ನೆ. ಕಂಪ್ಯೂಟರು ಅಕ್ಷರ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 24. ಅದರ ಮೇಲೆ, ಟೋಕನ್ ಕತ್ತರಿಸುವ ಕತ್ತರಿ ಯಾವುದನ್ನು ಜಾಸ್ತಿ ನೋಡಿದೆಯೋ ಅದನ್ನು ಇಡಿಯಾಗಿ ಬಿಡುತ್ತದೆ, ಕಡಿಮೆ ನೋಡಿದ್ದನ್ನು ತರಿಯುತ್ತದೆ. ನನ್ನ ಡಬ್ಬ ಸೆಕೆಂಡಿಗೆ ಸುಮಾರು 25 ಟೋಕನ್ ಉಗುಳುತ್ತದೆ. ಭಾಷೆ ಯಾವುದಾದರೂ ಇಪ್ಪತ್ತೈದೇ. ಕನ್ನಡದಲ್ಲಿ ಅಷ್ಟು ಟೋಕನ್‌ಗೆ ಬರುವ ಪದ ಮಾತ್ರ ಬೆರಳೆಣಿಕೆ. ತೆವಳದೆ ಇನ್ನೇನು ಮಾಡುತ್ತದೆ.

ತೆವಳುವುದನ್ನಾದರೂ ಸಹಿಸಬಹುದು. ಮಗಳು ಮಾಯವಾದದ್ದು ಇನ್ನೊಂದು ಕಾರಣಕ್ಕೆ. ಒಂದು ಸಲಕ್ಕೆ ಇಷ್ಟೇ ಟೋಕನ್ ನೆನಪಿನಲ್ಲಿ ಇಟ್ಟುಕೊಳ್ಳುತ್ತೇನೆ ಅಂತ ಒಂದು ಮಿತಿ ಇರುತ್ತದೆ. ನಾನು ಹಾಕಿಕೊಂಡ ತಂತ್ರಾಂಶದಲ್ಲಿ ಯಾರೂ ಮುಟ್ಟದಿದ್ದರೆ ಅದು 4096. ಇಂಗ್ಲಿಷಿನ ಆರು ಪುಟ ಅದರೊಳಗೆ ಆರಾಮಾಗಿ ಕೂತಿತು. ಕನ್ನಡದ ಆರು ಪುಟ ಕೂರಲಿಲ್ಲ. ಕೂರದಿದ್ದರೆ ಹೇಳಬೇಕು ತಾನೇ? ಹೇಳಲಿಲ್ಲ. ಸದ್ದಿಲ್ಲದೆ ಮೊದಲನೇ ಪುಟ ಬಿಸಾಕಿ ಉಳಿದದ್ದನ್ನು ಓದಿತು. ಮೊದಲನೇ ಪುಟದಲ್ಲಿ ಹಿರಿಯ ಮಗಳ ಹೆಸರು, ಅವಳ ಪಾಲು. ಒಂದು ಎಚ್ಚರಿಕೆಯ ಸಾಲೂ ಇಲ್ಲ. ಎಲ್ಲ ಓದಿದ ಗುಮಾಸ್ತನ ಗತ್ತಿನಲ್ಲಿ ಪಟ್ಟಿ ಕೊಟ್ಟಿತು. ನಾನು ಟೈಪ್ ಮಾಡಿದ ಪತ್ರ ಅಲ್ಲದಿದ್ದರೆ ನನಗೂ ಗೊತ್ತಾಗುತ್ತಿರಲಿಲ್ಲ. ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ.

ಇಷ್ಟು ವಿವರಿಸಿದ ಮೇಲೂ ಅಕ್ಕನ ಮಗ, "ಅದಕ್ಕೇ ಹೇಳಿದ್ದು, ಮೊದಲು ಇಂಗ್ಲಿಷ್‌ಗೆ ಅನುವಾದ ಮಾಡಿಸು, ಆಮೇಲೆ ಕೇಳು" ಅಂದ. ಎಲ್ಲರೂ ಹಾಗೇ ಮಾಡುತ್ತಾರಂತೆ.

ಮಾಡಿಸಿ ನೋಡಿದೆ ಕಣೋ. "ಖರಾಬು" ಅನ್ನುವ ಪದ ಇಂಗ್ಲಿಷ್‌ಗೆ ಹೋಗಿ ಕನ್ನಡಕ್ಕೆ ವಾಪಸ್ ಬಂದಾಗ "ಕೆಟ್ಟ ಜಮೀನು" ಆಗಿತ್ತು. ಪಹಣಿ ನೋಡಿದ ಯಾರಿಗಾದರೂ ಗೊತ್ತು. ಎ ಖರಾಬು ಅಂದರೆ ಬಂಡೆ ಗಿಂಡೆ ಇದ್ದು ಉಳುಮೆಗೆ ಬಾರದ್ದು. ಬಿ ಖರಾಬು ಅಂದರೆ ದಾರಿ, ಹಳ್ಳ, ಸಾರ್ವಜನಿಕರದು, ಅದನ್ನು ಪಾಲು ಮಾಡಿಕೊಳ್ಳಲು ಹೋದರೆ ಕೋರ್ಟೇ ಗತಿ. ಎರಡೂ ಒಂದೇ ಕೆಟ್ಟ ಜಮೀನಾಗಿ ಕೂತಿದ್ದವು. ಷಡ್ಡಕ, ಭಾವ, ಮೈದುನ ಮೂವರಿಗೂ ಇಂಗ್ಲಿಷ್‌ನಲ್ಲಿ ಒಂದೇ ಹೆಸರು. ಊಟದ ಪಂಕ್ತಿಯಲ್ಲಾದರೆ ಹೇಗೋ ಸುಧಾರಿಸಬಹುದು, ಆಸ್ತಿ ಪತ್ರದಲ್ಲಿ ಷಡ್ಡಕನನ್ನು ತಂದು ಮೈದುನನ ಜಾಗದಲ್ಲಿ ಕೂರಿಸಿದರೆ ಮೂರು ತಲೆಮಾರು ವಕೀಲರ ಮನೆ ನಡೆಯುತ್ತದೆ.

ಅವನ ಇನ್ನೊಂದು ವಾದವನ್ನೂ ಹೇಳದೆ ಬಿಟ್ಟರೆ ಅನ್ಯಾಯ. "ಯಾರೂ ಬೇಕು ಅಂತ ಮಾಡಿಲ್ಲ ಚಿಕ್ಕಮ್ಮ, ನೆಟ್‌ನಲ್ಲಿ ಕನ್ನಡ ಕಡಿಮೆ ಇದೆ, ಅದಕ್ಕೆ ಹಾಗೆ." ಲೆಕ್ಕ ಸರಿಯೇ. ಆದರೆ 2011ರ ಜನಗಣತಿಯಲ್ಲಿ ಕನ್ನಡ ತಾಯಿನುಡಿ ಅಂದವರು 4.37 ಕೋಟಿ. ಇಷ್ಟು ಜನ ಇಟ್ಟುಕೊಂಡು ಇಡ್ಲಿಗೆ ನಾಲ್ಕು ಟೋಕನ್ ಕೊಡುತ್ತಾ ಇರಬೇಕಾ? ಆಗುವುದೇ ಇಲ್ಲ ಅನ್ನುವ ಹಾಗೂ ಇಲ್ಲ. ನಮ್ಮೂರಿನದೇ ಸರ್ವಂ ಕಂಪನಿ 2024ರ ಅಕ್ಟೋಬರ್‌ನಲ್ಲಿ ಹತ್ತು ಭಾರತೀಯ ಭಾಷೆಗಳಿಗೆ ಅಂತ ಒಂದು ಪುಟ್ಟ ಮಾಡೆಲ್ ಬಿಟ್ಟಿತು. 200 ಕೋಟಿ ಪ್ಯಾರಾಮೀಟರ್. ಕತ್ತರಿಯನ್ನೇ ಬದಲಿಸಿದರು. ಪದಕ್ಕೆ 1.4ರಿಂದ 2.1 ಟೋಕನ್ ಸಾಕು ಅಂತ ಅವರೇ ಹೇಳಿದ್ದಾರೆ. ಅದು ವಾಕ್ಯ ಮುಂದುವರಿಸುವ ಮಾಡೆಲ್, ಪಟ್ಟಿ ಗಿಟ್ಟಿ ಮಾಡಿಕೊಡಲು ತಯಾರಾದದ್ದಲ್ಲ, ಹಾಗಾಗಿ ನನ್ನ ಕೆಲಸಕ್ಕೆ ಒದಗಲಿಲ್ಲ. ಆದರೂ ಕತ್ತರಿ ಬದಲಿಸಬಹುದು ಅಂತ ಗೊತ್ತಾಯಿತಲ್ಲ.

ಅಕ್ಕನ ಮಗನಿಗೆ ಇದನ್ನೆಲ್ಲ ಜೋರಾಗಿಯೇ ಹೇಳಿದೆ. ಅವನು ಟೀ ಕುಡಿಯುತ್ತಾ ಕೇಳಿದ. ಆಮೇಲೆ ಮೇಲಿನ ಬೀರು ತೋರಿಸಿ, "ಅದರಲ್ಲಿರೋ ಸಿಡಿಗಳಲ್ಲಿ ಎಷ್ಟು ಪುಟ ಇದೆ ಚಿಕ್ಕಮ್ಮ?" ಅಂತ ಕೇಳಿದ. ಕಳ್ಳ. ಸರಿಯಾದ ಜಾಗಕ್ಕೆ ಚುಚ್ಚಿದ.

1996ರಿಂದ ನಾನು ಟೈಪ್ ಮಾಡಿದ್ದೆಲ್ಲ ಅಲ್ಲಿದೆ. ಸ್ಮರಣ ಸಂಚಿಕೆ, ಕವನ ಸಂಕಲನ, ಲಗ್ನಪತ್ರಿಕೆ, ಜಿಲ್ಲೆ ಜಿಲ್ಲೆಯ ಜಾನಪದ, ಯಾರೂ ಕೊಳ್ಳದ ಆತ್ಮಕಥೆಗಳು. ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ನಾನು ಬಳಸಲಿಲ್ಲ. ಪುಟ ಕಟ್ಟುವ ತಂತ್ರಾಂಶಕ್ಕೆ ಅದು ಒಗ್ಗುತ್ತಿರಲಿಲ್ಲ ಅನ್ನುವುದು ನಿಜ, ಒಗ್ಗಲು ಶುರುವಾದ ಮೇಲೂ ಬಹಳ ದಿನ ಹಳೇ ಫಾಂಟನ್ನೇ ಹಿಡಿದುಕೊಂಡಿದ್ದೆ ಅನ್ನುವುದೂ ನಿಜ. ಬೆರಳಿಗೆ ರೂಢಿಯಾಗಿತ್ತು. ಆ ಫಾಂಟುಗಳಲ್ಲಿ ಕಣ್ಣಿಗೆ ಕಾಣುವ 'ಕ' ಅಕ್ಷರದ ಒಳಗಿರುವುದು ಇಂಗ್ಲಿಷಿನ ಪಿ, ಎ, ಅದರ ತಲೆ ಮೇಲೊಂದು ಗೀಟು. ಮೇಲೆ ಮಾತ್ರ ಕನ್ನಡದ ವೇಷ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಕಸ. ನೆಟ್‌ನಲ್ಲಿ ಕನ್ನಡ ಇಲ್ಲ ಅಂತ ಕೂಗಾಡುತ್ತಿದ್ದೇನೆ, ಹದಿನೆಂಟು ವರ್ಷದ ಕನ್ನಡಕ್ಕೆ ನಾನೇ ಬೀಗ ಹಾಕಿ ಬೀರುವಿನಲ್ಲಿ ಇಟ್ಟಿದ್ದೇನೆ. ಇದನ್ನು ಅವನ ಮುಂದೆ ಒಪ್ಪಿಕೊಳ್ಳಲಿಲ್ಲ. ನಿಮ್ಮ ಮುಂದೆ ಒಪ್ಪಿಕೊಳ್ಳುತ್ತಿದ್ದೇನೆ. ಅವನು ಫೇಸ್‌ಬುಕ್ ನೋಡುವುದಿಲ್ಲ, ಅದು ಮುದುಕರ ಜಾಗವಂತೆ.

ಹಾಗಂತ ಡಬ್ಬದ ತಪ್ಪು ಕಡಿಮೆಯಾಗುವುದಿಲ್ಲ. ಪುಟ ಬಿಟ್ಟಿದ್ದೇನೆ ಅಂತ ಒಂದು ಮಾತು ಹೇಳಲು ಯಾವ ಬೀರುವೂ ಅಡ್ಡ ಬರುತ್ತಿರಲಿಲ್ಲ.

ಅವನು ಹೋದ ಮೇಲೆ ಆ 4096 ತೆಗೆದು 16384 ಮಾಡಿದೆ. ಕಾರ್ಡಿನ ಹೊಟ್ಟೆ ಬಿಗಿಯಿತು, ಇನ್ನೂ ನಿಧಾನ. ಕನ್ನಡದ ಆರು ಪುಟ ಮತ್ತೆ ಕೊಟ್ಟೆ, ಕನ್ನಡದಲ್ಲೇ ಕೇಳಿದೆ. ಅನ್ನಕ್ಕಿಟ್ಟು ಬರುವಷ್ಟರಲ್ಲಿ ಪಟ್ಟಿ ಬಂದಿತ್ತು. ಮೊದಲನೇ ಸಾಲಿನಲ್ಲೇ ಹಿರಿಯ ಮಗಳು, ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ತಮ್ಮನ ಸೈಟು.

ಈಗ ಒಂದು ಸಹಾಯ ಬೇಕು. ಯಾರ ಮನೆಯಲ್ಲಾದರೂ ಓಡುವ ಸಿಡಿ ಡ್ರೈವ್ ಇದೆಯಾ? ಯುಎಸ್‌ಬಿಯದಾದರೆ ಒಳ್ಳೆಯದು. ಒಂದು ತಿಂಗಳು ಬೇಕಾಗಬಹುದು. ಚಾಮರಾಜಪೇಟೆ, ಬಸವನಗುಡಿ, ಹನುಮಂತನಗರದ ಕಡೆಯಾದರೆ ನಾನೇ ಬಂದು ತಗೊಂಡು ಹೋಗುತ್ತೇನೆ. ಅಕ್ಕನ ಮಗನಿಗೆ ಮಾತ್ರ ಹೇಳಬೇಡಿ.