ಒಂದಕ್ಕೆ

ಮೇಷ್ಟ್ರ ಮುಂದೆ ಕಿರುಬೆರಳೆತ್ತಿ ನಿಂತರೆ ಸಾಕು, ಬಾಯಿ ಬಿಡದೆ ಕೆಲಸ ಆಗುತ್ತಿದ್ದ ಕಾಲವೊಂದಿತ್ತು. ಈಗ ಅರವತ್ತೈದರಲ್ಲಿ ಕೇಳುವ ಮೇಷ್ಟ್ರಿಲ್ಲ, ಆದರೆ ರಾತ್ರಿ ಎರಡಕ್ಕೆ ಚಪ್ಪಲಿ ತಡವುವಷ್ಟರಲ್ಲಿ ಪಕ್ಕದಿಂದ ದನಿ ಬರುತ್ತದೆ: "ಮತ್ತೆ ಎದ್ರಾ? ಮಲಗೋವಾಗ ಚೊಂಬು ನೀರು ಕುಡೀಬೇಡಿ ಅಂದ್ರೆ ಕೇಳಲ್ಲ."

ಹುಡುಗನಾಗಿದ್ದಾಗಲೂ ಅದೇ ಚೊಂಬು ಕುಡಿದು ಕೋಳಿ ಕೂಗುವವರೆಗೆ ಮಲಗುತ್ತಿದ್ದೆನಲ್ಲ?

ಕಿಡ್ನಿಗೂ ಹಗಲು ರಾತ್ರಿ ಗೊತ್ತು. ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಒಂದೂವರೆ ಲೀಟರಿನಷ್ಟು ಹೊರಗೆ ಬಿಟ್ಟು, ಮಿಕ್ಕಿದ್ದೆಲ್ಲ ರಕ್ತಕ್ಕೇ ವಾಪಸ್ ಮಾಡುವ ಮಹಾ ಜಿಪುಣ ಅದು. ಹಗಲಿನಲ್ಲಿ ಸೋಸುವ ಕೆಲಸ ಬಿರುಸು, ರಾತ್ರಿ ನಿಧಾನ. ಮಲಗುವ ಹೊತ್ತಿಗೆ ಮೆದುಳು ವಾಸೊಪ್ರೆಸಿನ್ ಎಂಬ ಹಾರ್ಮೋನನ್ನು ಹೆಚ್ಚಿಸಿ ನಲ್ಲಿ ಬಿಗಿ ಮಾಡಿಸುತ್ತದೆ. ಬೆಳಗಿನ ಮೊದಲ ಸರದಿ ಕಡುಹಳದಿಯಾಗಿ ಬರುವುದು ಅದಕ್ಕೇ. ವಯಸ್ಸಾದವರಲ್ಲಿ ಈ ರಾತ್ರಿ ಬಿಗಿತ ಸಡಿಲಾಗುತ್ತದೆ. ಸಾಲದ್ದಕ್ಕೆ, ಹಗಲೆಲ್ಲ ಕಾಲಿಗಿಳಿದು ಕಾಲುಚೀಲದ ಅಚ್ಚು ಮೂಡಿಸಿದ್ದ ನೀರು ಅಡ್ಡಾದೊಡನೆ ರಕ್ತಕ್ಕೆ ಮರಳುತ್ತದೆ. ಸಂಜೆ ಕಾಲು ಎತ್ತರಕ್ಕಿಟ್ಟು ಕೂತರೆ ಆ ನೀರು ಮೊದಲೇ ಇಳಿದೀತು ಎಂದರು ಡಾಕ್ಟರು. ನಾನು ತಕ್ಷಣ ಪಾಲಿಸಿದ ಏಕೈಕ ವೈದ್ಯ ಸಲಹೆ ಇದು.

ಆದರೆ ಗಡಿಯಾರದ ಹಟ ನಿಜವಾಗಿ ತಿಳಿದದ್ದು ಕ್ಯಾಲಿಫೋರ್ನಿಯಾದ ಮಗಳ ಮನೆಯಲ್ಲಿ. ಬೇಸಿಗೆಯಲ್ಲಿ ಅಲ್ಲಿಗೂ ನಮಗೂ ಹನ್ನೆರಡೂವರೆ ಗಂಟೆ ಅಂತರ. ಅವರ ರಾತ್ರಿ ಎರಡೆಂದರೆ ಮೈಸೂರಿನ ಮಧ್ಯಾಹ್ನ ಎರಡೂವರೆ, ಕಿಡ್ನಿಗೆ ಭರ್ತಿ ಆಫೀಸು ಟೈಮು. ಕೈಗಡಿಯಾರವನ್ನು ವಿಮಾನದಲ್ಲೇ ತಿದ್ದಿಕೊಂಡಿದ್ದೆ. ಒಳಗಿನದಕ್ಕೆ ತಿರುಪೆಲ್ಲಿದೆ? ಮೆದುಳಿನ ಮುಖ್ಯ ಗಡಿಯಾರ ಬೆಳಕು ನೋಡಿ ದಿನಕ್ಕಿಷ್ಟಿಷ್ಟೇ ಸರಿಯುತ್ತದೆ. ಕಿಡ್ನಿಯ ಜೀವಕೋಶಗಳಲ್ಲಿ ಬೇರೆಯೇ ಗಡಿಯಾರಗಳಿವೆ, ಅವು ಇನ್ನೂ ಸಾವಕಾಶವಾಗಿ ಹಿಂದೆ ಬರುತ್ತವೆ. ಹಣ್ಣಿನ ನೊಣದಲ್ಲಿ ಇಂಥ ಗಡಿಯಾರದ ಒಳಯಂತ್ರ ಬಿಡಿಸಿ ತೋರಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ನೊಣವನ್ನು ವಿಮಾನ ಹತ್ತಿಸಿದ್ದರೋ ಇಲ್ಲವೋ.

ಮೊದಲ ರಾತ್ರಿ ನಾಲ್ಕು ಸಲ ಎದ್ದೆ. ಹಗಲೆಲ್ಲ ತೂಕಡಿಸಿದೆ, ಒಂದಕ್ಕೆ ಹೋಗುವ ನೆನಪೇ ಇಲ್ಲ. ಎರಡನೆಯ ರಾತ್ರಿ ಬಚ್ಚಲಿನ ಬಾಗಿಲು ತೆಗೆದು ಹೊರಬಂದರೆ ಎದುರಿಗೆ ನನ್ನವಳು, ಅರ್ಧ ನಿದ್ದೆಯಲ್ಲಿ, ಕಿರುಬೆರಳೆತ್ತಿ ನಿಂತಿದ್ದಳು.

"ನೀನೂ ಚೊಂಬು ಕುಡಿದ್ಯಾ?" ಎಂದೆ.

"ದಾರಿ ಬಿಡಿ" ಎಂದಳು.